ನಿಕಾಹ್ ದಫ್ತರದಲ್ಲಿ ಖಾಲಿ ಉಳಿದ ಜಾಗ

ಶಹಾಪುರದ ನಮ್ಮ ಮೊಹಲ್ಲಾದ ಮಸೀದಿಯ ಗೋಡೆಕಪಾಟಿನಲ್ಲಿ ಕೆಂಪು ಬಟ್ಟೆಯ ರಟ್ಟಿನ ಒಂದು ಉದ್ದನೆಯ ದಫ್ತರವಿದೆ. ಮಸೀದಿಯಲ್ಲಿ ನಡೆದ ನಿಕಾಹ್‌ಗಳೆಲ್ಲ ಅದರಲ್ಲಿ ದಾಖಲಾಗಿವೆ. 2005ರಲ್ಲಿ ನಮ್ಮ ಹಿರಿಯ ಹಝ್ರತ್ ಅವರ ಕಣ್ಣು ಮಂಜಾದಾಗ ಅವರು ಅದನ್ನು ನನ್ನ ಕೈಗೆ ಕೊಟ್ಟರು. ಆಗ ನನಗೆ ಇಪ್ಪತ್ತಾರು ವರ್ಷ. ಮದ್ರಸಾದ ಓದು ಮುಗಿಸಿ, ಕನ್ನಡದಲ್ಲಿ ಬಿ.ಎ. ಮಾಡಿಕೊಂಡು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. "ನಿನಗೆ ಉರ್ದುವೂ ಬರುತ್ತದೆ, ಕನ್ನಡವೂ ಬರುತ್ತದೆ. ಅಕ್ಷರವೂ ದುಂಡಗಿದೆ. ಇನ್ನು ಮುಂದೆ ಇದು ನಿನ್ನ ಹತ್ತಿರ ಇರುವ ಅಮಾನತ್" ಎಂದರು. ಅಮಾನತ್ ಎಂಬ ಮಾತಿನ ಭಾರ ಆ ದಿನ ನನಗೆ ತಿಳಿಯಲಿಲ್ಲ. ದಫ್ತರವನ್ನು ಒರೆಸಿ ಕಪಾಟಿನಲ್ಲಿ ಇಟ್ಟೆ, ಅಷ್ಟೆ.

ನಮ್ಮ ಕಡೆಯ ನಿಕಾಹ್ ಹೇಗೆ ನಡೆಯುತ್ತದೆಂಬುದು ಓದುಗರಿಗೆ ಗೊತ್ತೇ ಇದೆ. ವಕೀಲರೂ ಇಬ್ಬರು ಸಾಕ್ಷಿಗಳೂ ಒಳಗೆ ಹೋಗಿ ವಧುವಿನ ಒಪ್ಪಿಗೆ ಕೇಳಿ ಬರುತ್ತಾರೆ. ಖುತ್ಬಾ ಆಗುತ್ತದೆ, ಈಜಾಬ್ ಮತ್ತು ಕಬೂಲ್ ಆಗುತ್ತದೆ, ದುಆ ಆಗುತ್ತದೆ, ಖರ್ಜೂರ ಹಂಚುತ್ತಾರೆ. ಅಷ್ಟು ಹೊತ್ತಿಗೆ ಶಾಮಿಯಾನದ ಕಡೆಯಿಂದ ಬಿರಿಯಾನಿಯ ಪರಿಮಳ ಬರುತ್ತದೆ, ಜನ ಏಳುತ್ತಾರೆ. ಆ ಗದ್ದಲದ ನಡುವೆ ದಫ್ತರ ತೆರೆದು ಬರೆಯಬೇಕಾದವನು ನಾನು. ಹಿರಿಯರು ಯಾರೋ ಹೆಸರು ಹೇಳುತ್ತಾರೆ, ಯಾರೋ ತಿದ್ದುತ್ತಾರೆ, ಸಾಕ್ಷಿಗಳು ನಿಂತಲ್ಲೇ ಸಹಿ ಹಾಕಿ ಹೋಗುತ್ತಾರೆ. ಹಲವು ವರ್ಷ ನಾನು ಹೀಗೆಯೇ ಬರೆದೆ. ನಿಕಾಹ್ ಆಗುವುದು ಅಲ್ಲಾಹನ ಸಾಕ್ಷಿಯಲ್ಲಿ, ನಾಲ್ಕು ಜನರ ಎದುರಿನಲ್ಲಿ. ಕಾಗದ ಒಂದು ಲೋಕರೂಢಿ ಮಾತ್ರ ಎಂದು ನಾನು ತಿಳಿದಿದ್ದೆ. ಮೊದಲನೆಯ ಮಾತು ನಿಜ. ಎರಡನೆಯದು ಎಷ್ಟು ತಪ್ಪು ಎಂಬುದನ್ನು ಒಬ್ಬ ಹೆಣ್ಣುಮಗಳು ನನಗೆ ಕಲಿಸಿದಳು.

2017ರ ಮಳೆಗಾಲದ ಒಂದು ಸಂಜೆ, ಅಸರ್ ನಮಾಝ್ ಮುಗಿದ ಮೇಲೆ, ಆಕೆ ತನ್ನ ತಮ್ಮನೊಡನೆ ಮಸೀದಿಯ ಮೆಟ್ಟಿಲ ಬಳಿ ನಿಂತಿದ್ದಳು. ಜೊತೆಯಲ್ಲಿ ಎರಡು ಮಕ್ಕಳು. ಹಿರಿಯದಕ್ಕೆ ಏಳು ವರ್ಷ, ಕಿರಿಯದಕ್ಕೆ ನಾಲ್ಕು. ಗಂಡ ನಮ್ಮ ಸೀಮೆಯ ಸಾವಿರಾರು ಜನರಂತೆ ಕಟ್ಟಡದ ಕೆಲಸಕ್ಕೆ ದೊಡ್ಡ ನಗರವೊಂದಕ್ಕೆ ಗುಳೆ ಹೋಗಿದ್ದನು. ಅಲ್ಲಿ ಕೆಲಸ ಮಾಡುವಾಗ ಮೇಲಿನಿಂದ ಬಿದ್ದು ತೀರಿಕೊಂಡಿದ್ದನು. ಆಕೆಯ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಅದೇ ವಾರ ಮುಗಿದಿತ್ತು. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯಿದೆಯಂತೆ, ಕೆಲಸದ ಸ್ಥಳದಲ್ಲಿ ಅಪಘಾತದಿಂದ ಸತ್ತವನ ವಿಧವೆಗೂ ಮಕ್ಕಳಿಗೂ ಪರಿಹಾರ ಪಡೆಯುವ ಹಕ್ಕಿತ್ತು. ಅದನ್ನು ಕೇಳಲು ಹೋದಾಗ, "ನೀವು ಆತನ ಹೆಂಡತಿ ಎನ್ನುವುದಕ್ಕೆ ದಾಖಲೆ ತನ್ನಿ" ಎಂದು ಕಳುಹಿಸಿದ್ದರು.

"ಮೌಲಾನಾ, ನಮ್ಮ ನಿಕಾಹ್ ನೀವೇ ಬರೆದಿರಿ. ಅದರ ನಕಲು ಬೇಕು" ಎಂದು ಆಕೆ ಕೇಳಿದಳು.

ನನಗೆ ನೆನಪಿತ್ತು. 2009ರಲ್ಲಿ ಕೃಷ್ಣೆ ಮತ್ತು ಭೀಮೆಗೆ ಮಹಾಪೂರ ಬಂದು ಹೋದ ಮೇಲೆ, ಆ ವರ್ಷದ ಕೊನೆಯಲ್ಲಿ ನಡೆದ ನಿಕಾಹ್ ಅದು. ದಫ್ತರ ತೆಗೆದು ಪುಟ ಹುಡುಕಿದೆ. ಪುಟ ಸಿಕ್ಕಿತು, ಅಕ್ಷರವೂ ನನ್ನದೇ. ಆದರೆ ಓದುತ್ತಾ ಹೋದಂತೆ ನನ್ನ ಗಂಟಲು ಒಣಗಿತು. ವಧುವಿನ ಹೆಸರಿನ ಜಾಗದಲ್ಲಿ ಮನೆಯಲ್ಲಿ ಕರೆಯುವ ಮುದ್ದಿನ ಹೆಸರಿತ್ತು. ಆಕೆಯ ಆಧಾರ್ ಕಾರ್ಡಿನಲ್ಲೂ ಪಡಿತರ ಚೀಟಿಯಲ್ಲೂ ಇದ್ದುದು ಬೇರೆ ಹೆಸರು. ವರನ ಹೆಸರಿನ ಮೊದಲ ಭಾಗವನ್ನು ನಾನು 'ಎಂ.ಡಿ.' ಎಂದು ಎರಡಕ್ಷರಕ್ಕೆ ಇಳಿಸಿದ್ದೆ. ವಯಸ್ಸಿನ ಜಾಗದಲ್ಲಿ 'ಬಾಲಿಗ್', ಅಂದರೆ ಪ್ರಾಯಕ್ಕೆ ಬಂದವರು, ಎಂದಷ್ಟೇ ಬರೆದಿದ್ದೆ. ಮಹ್ರ್‌ನ ಜಾಗ ಖಾಲಿ ಇತ್ತು.

ಅದು ಖಾಲಿ ಉಳಿದದ್ದು ಹೇಗೆಂಬುದೂ ನೆನಪಾಯಿತು. ಆ ದಿನ ಖುತ್ಬಾಕ್ಕೆ ಮುನ್ನ ಮಹ್ರ್‌ನ ಮೊತ್ತದ ಬಗ್ಗೆ ಎರಡು ಕಡೆಯ ಹಿರಿಯರಲ್ಲಿ ಮಾತು ಬೆಳೆದಿತ್ತು. ಒಬ್ಬರು, "ಈಗ ನಿಕಾಹ್ ಆಗಲಿ, ಮೊತ್ತವನ್ನು ಸಂಜೆ ಕೂತು ಬರೆಸೋಣ" ಎಂದರು. ಜನ ಕಾಯುತ್ತಿದ್ದರು, ಬಿಸಿಲು ಏರುತ್ತಿತ್ತು. ನಾನೂ ಆಗಲಿ ಎಂದೆ. ಆ ಸಂಜೆ ಯಾರೂ ಬರಲಿಲ್ಲ, ನಾನೂ ಕೇಳಲಿಲ್ಲ. ಎಂಟು ವರ್ಷ ಆ ಜಾಗ ಹಾಗೆಯೇ ಉಳಿಯಿತು.

ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ವಚನ ಯಾವುದೆಂದು ನಮ್ಮ ಮದ್ರಸಾದ ಮಕ್ಕಳನ್ನು ಕೇಳಿದರೆ ಥಟ್ಟನೆ ಹೇಳುತ್ತಾರೆ: ಸೂರಃ ಅಲ್ ಬಕರದ 282ನೆಯ ವಚನ. ಅದು ಸ್ವರ್ಗನರಕಗಳ ವಿಷಯವನ್ನು ಹೇಳುವುದಲ್ಲ. ಸಾಲದ ಪತ್ರ ಬರೆಯುವ ವಿಷಯವನ್ನು ಹೇಳುತ್ತದೆ. ಅವಧಿ ನಿಶ್ಚಯಿಸಿದ ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಅಲ್ಲಾಹನು ಕಲಿಸಿದ ವಿದ್ಯೆಯನ್ನು ಬಳಸಲು ಆತ ಹಿಂದೆಗೆಯಬಾರದು, ಬಾಕಿ ಯಾರ ಮೇಲಿದೆಯೋ ಅವನೇ ಹೇಳಿ ಬರೆಸಬೇಕು, ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು ಎಂಬುದು ಅದರ ಆಶಯ. ನಾನು ಈ ವಚನವನ್ನು ಎಷ್ಟೋ ಸಲ ಪಾಠ ಹೇಳಿದ್ದೆ. ಮಹ್ರ್ ಕೂಡ ಗಂಡನ ಮೇಲಿರುವ ಸಾಲವೆಂದು ಫಿಕ್ಹ್‌ನ ಪಾಠದಲ್ಲಿ ಅಷ್ಟೇ ಸಲ ಹೇಳಿದ್ದೆ. ಎರಡನ್ನೂ ಜೊತೆಗಿಟ್ಟು, ನಿಕಾಹ್ ದಫ್ತರ ಬರೆಯುವವನು ಸಾಲದ ಪತ್ರವನ್ನೇ ಬರೆಯುತ್ತಿದ್ದಾನೆ ಎಂದು ಮಾತ್ರ ಎಂದೂ ಯೋಚಿಸಿರಲಿಲ್ಲ.

ಮುಂದಿನ ತಿಂಗಳುಗಳಲ್ಲಿ ನಾನು ಆಕೆಯ ತಮ್ಮನ ಜೊತೆ ಹಲವು ಕಚೇರಿಗಳ ಬೆಂಚಿನ ಮೇಲೆ ಕುಳಿತೆ. ಒಂದು ಕಡೆ ಗುಮಾಸ್ತರು ನಮ್ಮ ನಕಲನ್ನೂ ಆಧಾರ್ ಕಾರ್ಡನ್ನೂ ಪಕ್ಕಪಕ್ಕದಲ್ಲಿಟ್ಟು, "ಮೌಲ್ವಿ ಸಾಬ್ರೆ, ಇದನ್ನ ನೀವೇ ಬರೆದೀರಿ ಅಂತೀರಿ. ಇದರಾಗ ಈ ಹೆಣ್ಣುಮಗಳ ಹೆಸರೇ ಇಲ್ಲಲ್ರಿ" ಎಂದರು. ಅವರ ಮಾತಿನಲ್ಲಿ ಕಟುತ್ವ ಇರಲಿಲ್ಲ. ಕಾಗದದಲ್ಲಿ ಕಂಡದ್ದನ್ನು ಅವರು ಹೇಳಿದರು. ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ತೀರಿಕೊಂಡಿದ್ದರು, ಇನ್ನೊಬ್ಬರು ಕೊಲ್ಲಿ ದೇಶದಲ್ಲಿದ್ದರು. ಎರಡು ಹೆಸರೂ ಒಬ್ಬಳದೇ ಎಂದು ಪ್ರಮಾಣಪತ್ರ ಮಾಡಿಸಬೇಕಾಯಿತು. ಪುಟ ಬರೆದವನು ನಾನೇ, ಹೆಸರು ತಪ್ಪಾಗಿ ಬರೆದವನೂ ನಾನೇ ಎಂದು ನಾನೂ ಪ್ರಮಾಣ ಮಾಡಿ ಸಹಿ ಹಾಕಿದೆ. ಪರಿಹಾರದ ಹಣ ಬರಲು ಒಂದೂವರೆ ವರ್ಷ ಹಿಡಿಯಿತು. ಆ ಅವಧಿಯಲ್ಲಿ ಆಕೆ ಹತ್ತಿ ಬಿಡಿಸುವ ಕೂಲಿಗೆ ಹೋದಳು. ಬಂದ ಹಣದಲ್ಲಿ ಒಂದು ಪಾಲು ಓಡಾಟಕ್ಕೂ ವಕೀಲರಿಗೂ ಹೋಗಿತ್ತು. ನನ್ನ ಲೇಖನಿ ಆ ದಿನ ಎರಡು ನಿಮಿಷ ತಾಳಿದ್ದರೆ ಆ ಒಂದೂವರೆ ವರ್ಷ ಉಳಿಯುತ್ತಿತ್ತು.

ಮಹ್ರ್‌ನ ಪ್ರಶ್ನೆ ಕಚೇರಿಗೆ ಹೋಗಲಿಲ್ಲ, ಮನೆಯಲ್ಲೇ ಎದ್ದಿತು. ಗಂಡನ ಪಾಲಿಗೆ ಒಂದಿಷ್ಟು ಹೊಲವಿತ್ತು. ಮಹ್ರ್ ಗೊತ್ತೇ ಮಾಡಿರಲಿಲ್ಲ, ಆದ್ದರಿಂದ ಕೊಡುವುದೇನೂ ಇಲ್ಲ ಎಂದು ಗಂಡನ ಕಡೆಯ ಕೆಲವರು ವಾದಿಸಿದರು. ನಾನು ಅವರ ಮನೆಗೆ ಹೋಗಿ ಒಂದು ಹಳೆಯ ಪ್ರಸಂಗ ಹೇಳಿದೆ. ಹಝ್ರತ್ ಅಬ್ದುಲ್ಲಾಹ್ ಇಬ್ನು ಮಸ್‌ಊದ್(ರ) ಅವರ ಬಳಿ ಇಂಥದೇ ಪ್ರಶ್ನೆ ಬಂದಿತ್ತು. ಒಬ್ಬನು ಮಹ್ರ್ ನಿಶ್ಚಯಿಸದೆ ವಿವಾಹವಾಗಿ, ಕೂಡಿ ಬಾಳುವ ಮೊದಲೇ ತೀರಿಕೊಂಡಿದ್ದನು. ಆಕೆಯ ಕುಲದ ಹೆಣ್ಣುಮಕ್ಕಳಿಗೆ ಎಷ್ಟು ಮಹ್ರ್ ಇರುವುದೋ ಅಷ್ಟು ಇವಳಿಗೂ ಸಲ್ಲಬೇಕು, ಇದ್ದತ್ ಇದೆ, ವಾರಸುದಾರಿಕೆಯ ಪಾಲೂ ಇದೆ ಎಂದು ಅವರು ತೀರ್ಪು ಕೊಟ್ಟರು. ಆಗ ಮಅಕಿಲ್ ಬಿನ್ ಸಿನಾನ್(ರ) ಎದ್ದು, ಬರ್ವಅ್ ಬಿಂತಿ ವಾಶಿಕ್ ಎಂಬ ಮಹಿಳೆಯ ವಿಷಯದಲ್ಲಿ ಪ್ರವಾದಿವರ್ಯರು(ಸ) ಇದೇ ತೀರ್ಪು ಕೊಟ್ಟಿದ್ದರೆಂದು ಸಾಕ್ಷಿ ನುಡಿದರು. ಕೂಡಿ ಬಾಳದವಳಿಗೇ ಅಷ್ಟು ಹಕ್ಕಿದ್ದರೆ, ಎರಡು ಮಕ್ಕಳ ತಾಯಿಗೆ ಎಷ್ಟಿರಬೇಡ? ಫಿಕ್ಹ್‌ನಲ್ಲಿ ಇದಕ್ಕೆ ಮಹ್ರೆ ಮಿಸ್ಲ್ ಎನ್ನುತ್ತಾರೆ. ತಂದೆಯ ಕಡೆಯ ಹೆಣ್ಣುಮಕ್ಕಳ, ಅಂದರೆ ಅಕ್ಕತಂಗಿಯರ, ಸೋದರತ್ತೆಯರ ಮಹ್ರ್ ನೋಡಿ ಅದನ್ನು ನಿರ್ಧರಿಸುತ್ತಾರೆ. ಸತ್ತವನ ಆಸ್ತಿ ಹಂಚುವ ಮೊದಲು ಈ ಸಾಲ ತೀರಬೇಕು. ಆಮೇಲೆ ಮಕ್ಕಳಿರುವ ಹೆಂಡತಿಗೆ ಎಂಟನೆಯ ಒಂದು ಪಾಲು ಪ್ರತ್ಯೇಕವಾಗಿಯೇ ಇದೆ.

"ಹಾಗಾದರೆ ಇವಳ ಅಕ್ಕನ ಮಹ್ರ್ ಎಷ್ಟಿತ್ತು?" ಎಂದು ಮಾವನವರು ಕೇಳಿದರು.

ಅಕ್ಕನ ನಿಕಾಹ್ 2004ರಲ್ಲಿ ಇದೇ ಮಸೀದಿಯಲ್ಲಿ ಆಗಿತ್ತು. ಅದನ್ನು ಬರೆದವರು ಹಿರಿಯ ಹಝ್ರತ್. ಆ ಪುಟ ತೆರೆದೆ. ಕಣ್ಣು ಮಂಜಾಗುತ್ತಿದ್ದ ದಿನಗಳಲ್ಲೂ ಅವರು ಒಂದು ಜಾಗವನ್ನೂ ಬಿಟ್ಟಿರಲಿಲ್ಲ. ವಧುವಿನ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು, ಊರು, ವಯಸ್ಸು, ವಕೀಲರು, ಸಾಕ್ಷಿಗಳು, ಮಹ್ರ್ ಅಂಕಿಯಲ್ಲೂ ಅಕ್ಷರದಲ್ಲೂ, ಎಷ್ಟು ನಗದು, ಎಷ್ಟು ಬಾಕಿ, ಎಲ್ಲವೂ ಇದ್ದವು. ಮಾವನವರಿಗೆ ಉರ್ದು ಓದಲು ಬರುತ್ತಿತ್ತು. ಅವರು ಆ ಪುಟವನ್ನು ಬಹಳ ಹೊತ್ತು ನೋಡಿ, "ಇಷ್ಟೇ ಇವಳದೂ" ಎಂದು ಒಪ್ಪಿಕೊಂಡರು. ನನ್ನ ಖಾಲಿ ಪುಟದಿಂದ ಕಳೆದುಹೋಗಲಿದ್ದ ಹಕ್ಕನ್ನು ಅವರ ತುಂಬಿದ ಪುಟ ಉಳಿಸಿತು. ಹಝ್ರತ್ ಆ ವೇಳೆಗೆ ಅಲ್ಲಾಹನ ಕರೆಗೆ ಓಗೊಟ್ಟು ಮೂರು ವರ್ಷವಾಗಿತ್ತು.

ನಮ್ಮ ಸೀಮೆಗೆ ಬರೆದಿಡುವ ಸಂಪ್ರದಾಯ ಹೊಸದಲ್ಲ. 1948ರವರೆಗೆ ನಾವು ನಿಝಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಆ ಸಂಸ್ಥಾನದಲ್ಲಿ ಕಾಝಿಯು ನಿಕಾಹ್ ಬರೆದು ಕೊಡುತ್ತಿದ್ದ ಪತ್ರಕ್ಕೆ ಸಿಯಾಹ ಎಂದು ಹೆಸರು. ನನ್ನ ದಾದಿಯ ಸಿಯಾಹ ನಮ್ಮ ಮನೆಯ ಟ್ರಂಕಿನಲ್ಲಿ ಈಗಲೂ ಇದೆ. ಅದರಲ್ಲಿ ಮಹ್ರ್‌ನ ಮೊತ್ತದ ಮುಂದೆ 'ಸಿಕ್ಕಎ ರಾಇಜುಲ್ ವಕ್ತ್', ಅಂದರೆ ಈ ಕಾಲದಲ್ಲಿ ಚಲಾವಣೆಯಲ್ಲಿರುವ ನಾಣ್ಯ, ಎಂದು ಬರೆದಿದೆ. ಸಂಸ್ಥಾನಕ್ಕೆ ಹಾಲಿ ಸಿಕ್ಕ ಎಂಬ ತನ್ನದೇ ನಾಣ್ಯವಿದ್ದ ಕಾಲದಲ್ಲಿ ಈ ಮಾತು ಅಗತ್ಯವಾಗಿತ್ತು. ಓದುಬರಹ ಬಾರದ ನನ್ನ ದಾದಿ ಆ ಕಾಗದವನ್ನು ಬಟ್ಟೆಯಲ್ಲಿ ಸುತ್ತಿ ಸಾಯುವವರೆಗೆ ಕಾಪಾಡಿದ್ದಳು. ಅದು ತನ್ನದು ಎಂಬುದು ಅವಳಿಗೆ ಗೊತ್ತಿತ್ತು.

ಇಂದಿನ ಕಾನೂನಿನ ಸ್ಥಿತಿಯನ್ನೂ ಕುಟುಂಬಗಳು ತಿಳಿದಿರುವುದು ಒಳ್ಳೆಯದು. ನಿಕಾಹ್‌ನ ಸಿಂಧುತ್ವ ಶರೀಅತ್‌ನ ನಿಬಂಧನೆಗಳಿಂದ ಬರುತ್ತದೆ. 1880ರ ಕಾಝಿಗಳ ಕಾಯಿದೆಯೂ ಕಾಝಿ ಹಾಜರಿದ್ದರೇ ವಿವಾಹ ಎಂದು ಹೇಳುವುದಿಲ್ಲ. ಆದರೆ ಸಿಂಧುವಾಗಿರುವುದು ಒಂದು, ಅದನ್ನು ಸಾಬೀತುಪಡಿಸುವುದು ಇನ್ನೊಂದು. 2006ರ ಫೆಬ್ರವರಿಯಲ್ಲಿ ಸೀಮಾ ಮತ್ತು ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಾವ ಧರ್ಮದವರೇ ಆಗಲಿ ಭಾರತದ ನಾಗರಿಕರ ವಿವಾಹಗಳೆಲ್ಲ ನೋಂದಣಿಯಾಗಬೇಕೆಂದು ನಿರ್ದೇಶನ ನೀಡಿತು. ನೋಂದಣಿಯೇ ವಿವಾಹದ ಸಿಂಧುತ್ವವನ್ನು ನಿರ್ಣಯಿಸದಿದ್ದರೂ ಅದಕ್ಕೆ ಸಾಕ್ಷ್ಯವಾಗಿ ಬಹಳ ಬೆಲೆಯಿದೆ ಎಂದು ಹೇಳಿತು. ನಮ್ಮ ರಾಜ್ಯದಲ್ಲಿ ಎಲ್ಲ ಸಮುದಾಯಗಳ ವಿವಾಹಗಳ ನೋಂದಣಿಗೆಂದು 1976ರ ಕಾಯಿದೆಯೊಂದು ಇದೆ.

ಇದರ ನಡುವೆ ವಕ್ಫ್ ಮಂಡಳಿಯ ಪ್ರಮಾಣಪತ್ರದ ವಿಷಯ ಬಂದಿತು. 2023ರ ಆಗಸ್ಟ್ 30ರಂದು ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿ, ಮುಸ್ಲಿಂ ದಂಪತಿಗಳಿಗೆ ವಿವಾಹ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ವಕ್ಫ್ ಮಂಡಳಿಗೂ ಅದರ ಜಿಲ್ಲಾ ಕಚೇರಿಗಳಿಗೂ ನೀಡಿತು. ಬಹಳ ಜನ ಇದನ್ನು ಸ್ವಾಗತಿಸಿದರು, ನಾನೂ ಸ್ವಾಗತಿಸಿದೆ. ಆದರೆ 2024ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ವಕ್ಫ್ ಕಾಯಿದೆ ಇರುವುದು ವಕ್ಫ್ ಆಸ್ತಿಗಳ ಆಡಳಿತಕ್ಕಾಗಿ. ವಿವಾಹದ ಪ್ರಮಾಣಪತ್ರ ಕೊಡುವ ಅಧಿಕಾರ ಅದರಲ್ಲಿಲ್ಲ ಎಂಬುದು ಅರ್ಜಿದಾರರ ವಾದವಾಗಿತ್ತು. ಆದುದರಿಂದ ಯಾವುದೋ ಒಂದು ಮೊಹರು ಇದ್ದರೆ ಸಾಕು ಎಂದು ಕೂರುವಂತಿಲ್ಲ. ನಿಕಾಹ್‌ನಾಮೆಯನ್ನು ಸರಿಯಾಗಿ ಬರೆಸಿಕೊಳ್ಳಬೇಕು, ಜೊತೆಗೆ ಸರ್ಕಾರದ ನೋಂದಣಿಯನ್ನೂ ಮಾಡಿಸಬೇಕು.

ಆದರೆ ಸಹಿ ಹಾಕುವ ಮುನ್ನ ಅರ್ಜಿ ಯಾವ ಕಾಯಿದೆಯದು ಎಂದು ಕೇಳಿ ತಿಳಿಯಬೇಕು. 1954ರ ವಿಶೇಷ ವಿವಾಹ ಕಾಯಿದೆಯ ಅಡಿಯಲ್ಲೂ ಈಗಾಗಲೇ ಆದ ವಿವಾಹವನ್ನು ನೋಂದಾಯಿಸಬಹುದು. ಅದಕ್ಕೆ 30 ದಿನಗಳ ಸಾರ್ವಜನಿಕ ಪ್ರಕಟಣೆ ಬೇಕು. ಹಾಗೆ ನೋಂದಾಯಿಸಿದ ಮುಸ್ಲಿಂ ದಂಪತಿಯ ಆಸ್ತಿಗೆ ಶರೀಅತ್‌ನ ವಾರಸಾ ನಿಯಮದ ಬದಲು ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. 2023ರ ಮಾರ್ಚ್‌ನಲ್ಲಿ ಕಾಸರಗೋಡು ಜಿಲ್ಲೆಯ ನ್ಯಾಯವಾದಿ ಮತ್ತು ನಟ ಸಿ. ಶುಕ್ಕೂರ್ ಅವರು ತಮ್ಮ ಪತ್ನಿಯನ್ನೇ ಈ ಕಾಯಿದೆಯಡಿ ಮತ್ತೆ ವಿವಾಹವಾದಾಗ ಈ ವಿಷಯ ದೇಶವೆಲ್ಲ ಚರ್ಚೆಯಾಯಿತು. ಅವರು ತಿಳಿದೇ ಮಾಡಿದರು. ನಮ್ಮಲ್ಲಿ ಅನೇಕರು ಏಜೆಂಟ್ ತೋರಿಸಿದ ಜಾಗದಲ್ಲಿ ತಿಳಿಯದೆ ಸಹಿ ಹಾಕುತ್ತಾರೆ. ಒಪ್ಪುವುದೋ ಬಿಡುವುದೋ ಆಮೇಲಿನ ಮಾತು, ಮೊದಲು ಓದಬೇಕು.

ಆ ವಿಧವೆ ಬಂದು ಹೋದ ಮೇಲೆ ನನ್ನ ರೂಢಿ ಬದಲಾಯಿತು. ನಿಕಾಹ್‌ಗೆ ಹದಿನೈದು ದಿನ ಮುಂಚೆಯೇ ಎರಡೂ ಕಡೆಯವರು ಕಾಗದಗಳನ್ನು ತಂದು ತೋರಿಸಬೇಕೆಂದು ಕೇಳುತ್ತೇನೆ. ಮೊದಲ ತೊಡಕು ಹೆಸರಿನದು. ಒಂದೇ ಹೆಸರು ಒಂದು ಕಾರ್ಡಿನಲ್ಲಿ ಮಹಮ್ಮದ್, ಇನ್ನೊಂದರಲ್ಲಿ ಮೊಹಮ್ಮದ್, ಮತ್ತೊಂದರಲ್ಲಿ ಎಂ.ಡಿ. ಕಲಬುರಗಿಯ ಹಝ್ರತ್ ಬಂದಾನವಾಝ್‌ರ ಪ್ರೀತಿಯಿಂದ ನಮ್ಮಲ್ಲಿ ಮನೆಗೊಬ್ಬ ಖಾಜಾ ಇರುತ್ತಾನೆ. ಅವನು ಒಂದು ಕಡೆ ಖಾಜಾ, ಒಂದು ಕಡೆ ಖ್ವಾಜಾ, ಒಂದು ಕಡೆ ಕಾಜಾ. ಹೆಣ್ಣುಮಕ್ಕಳ ಹೆಸರಿನ ಕೊನೆಯ ಬೇಗಂ ಶಾಲೆಯಲ್ಲಿ ಇರುತ್ತದೆ, ಆಧಾರ್‌ನಲ್ಲಿ ಬೀ ಆಗುತ್ತದೆ, ಬ್ಯಾಂಕಿನಲ್ಲಿ ಎರಡೂ ಮಾಯವಾಗುತ್ತವೆ. ಎರಡನೆಯ ತೊಡಕು ವಯಸ್ಸಿನದು. ಶಾಲೆಗೆ ಸೇರಿಸುವಾಗ ತಂದೆತಾಯಿಗೆ ದಿನಾಂಕ ನೆನಪಿಲ್ಲದಿದ್ದರೆ ಮಾಸ್ತರರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ನಮ್ಮ ತಲೆಮಾರಿನ ಅರ್ಧ ಊರು ಜೂನ್ ಒಂದರಂದೇ ಹುಟ್ಟಿದೆ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಲು ಅವಕಾಶವಿದೆ. ಆದ್ದರಿಂದ ಮೊದಲು ಶಾಲೆಯ ದಾಖಲೆ ಅಥವಾ ಜನನ ಪ್ರಮಾಣಪತ್ರ ನೋಡಿ, ಉಳಿದವನ್ನು ಅದಕ್ಕೆ ಹೊಂದಿಸಬೇಕು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗಂತೂ ಮುಂದೆ ವಿವಾಹ ನೋಂದಣಿಗೂ ಜನನ ಪ್ರಮಾಣಪತ್ರವೇ ಆಧಾರ ಎಂದು ಕಾನೂನು ಹೇಳಿದೆ. ಮನೆಯಲ್ಲಿ ಹೆರಿಗೆಯಾದರೂ ಜನನವನ್ನು ಕೂಡಲೇ ನೋಂದಾಯಿಸಿರಿ. ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ.

ವಯಸ್ಸಿನ ಕಾಗದ ಕೇಳಲು ಶುರುಮಾಡಿದ ಮೇಲೆ ಇನ್ನೊಂದು ಸಂಗತಿ ಎದುರಾಯಿತು. ಪರಿಚಯದ ಒಬ್ಬ ತಂದೆ ಮಗಳ ನಿಕಾಹ್ ಗೊತ್ತುಮಾಡಿಕೊಂಡು ಬಂದರು. ಶಾಲೆಯ ದಾಖಲೆಯಂತೆ ಹುಡುಗಿಗೆ ಹದಿನಾರು ತುಂಬಿತ್ತು. ನಾನು ಬರೆಯುವುದಿಲ್ಲ ಎಂದೆ. "ಒಳ್ಳೆಯ ಸಂಬಂಧ, ಕೈ ತಪ್ಪಿದರೆ ಮತ್ತೆ ಸಿಗುವುದಿಲ್ಲ. ನೀವು ಹದಿನೆಂಟು ಎಂದು ಬರೆಯಿರಿ, ಯಾರು ಕೇಳುತ್ತಾರೆ?" ಎಂದರು. ಬರೆಯುವವನು ನ್ಯಾಯದಿಂದ ಬರೆಯಬೇಕು ಎಂಬ ಅಲ್ಲಾಹನ ಆಜ್ಞೆಯನ್ನು ಅವರಿಗೆ ನೆನಪಿಸಿದೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಇಂಥ ವಿವಾಹವನ್ನು ನಡೆಸಿಕೊಟ್ಟವನಿಗೆ ಎರಡು ವರ್ಷದವರೆಗೆ ಸೆರೆವಾಸವೂ ಒಂದು ಲಕ್ಷ ರೂಪಾಯಿವರೆಗೆ ದಂಡವೂ ಇದೆ. ಕರ್ನಾಟಕದ ತಿದ್ದುಪಡಿಯಂತೆ ಆ ವಿವಾಹ ಕಾನೂನಿನ ದೃಷ್ಟಿಯಲ್ಲಿ ಮೊದಲಿನಿಂದಲೇ ಅಸಿಂಧು ಎಂದೂ ಹೇಳಿದೆ. ಅವರು ಸಿಟ್ಟಿನಿಂದ ಎದ್ದು, "ಇದು ಮಸೀದಿಯೋ ತಹಶೀಲ್ ಕಚೇರಿಯೋ?" ಎಂದರು. ಕಮಿಟಿಯಲ್ಲೂ ದೂರು ಹೋಯಿತು. ಒಂದು ವಾರ ನನ್ನ ಸಲಾಮಿಗೆ ಕೆಲವರು ಉತ್ತರ ಕೊಡಲಿಲ್ಲ. ನಾನು ಕಮಿಟಿಯ ಮುಂದೆ ಆ ವಿಧವೆಯ ಪುಟವನ್ನು ತೆರೆದಿಟ್ಟು, "ಸುಳ್ಳು ಬರೆದ ಪುಟ ನಾಳೆ ಈ ಹುಡುಗಿಯ ಕೈಗೆ ಬಂದರೆ ಅವಳು ಯಾವ ಬಾಗಿಲಿಗೆ ಹೋಗಬೇಕು?" ಎಂದು ಕೇಳಿದೆ. ಹಿರಿಯರು ಮೌನವಾಗಿ ಕುಳಿತರು, ನಂತರ ನನ್ನ ಮಾತನ್ನೇ ಎತ್ತಿಹಿಡಿದರು. ಆ ಹುಡುಗಿ ಪಿ.ಯು.ಸಿ. ಮುಗಿಸಿದ ಮೇಲೆ ಅವಳ ನಿಕಾಹ್ ಅನ್ನು ನಾನೇ ಬರೆದೆ. ಸಂಬಂಧವೂ ಅದೇ ಇತ್ತು.

ಮಹ್ರ್ ಬರೆಯುವ ರೀತಿಯನ್ನೂ ಬದಲಾಯಿಸಿದೆ. ಕೂಡಲೇ ಕೊಡಬೇಕಾದ ಮಹ್ರ್‌ಗೂ ಮುಂದೆ ಕೊಡಬಹುದಾದ ಮಹ್ರ್‌ಗೂ ಅರಬಿಯಲ್ಲಿ ಇರುವ ಹೆಸರುಗಳಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಒಂದರಲ್ಲಿ ಐನ್, ಇನ್ನೊಂದರಲ್ಲಿ ಹಮ್ಝಾ. ನಮ್ಮ ಬಾಯಲ್ಲಿ ಎರಡೂ 'ಮುಅಜ್ಜಲ್' ಎಂದೇ ಕೇಳಿಸುತ್ತವೆ, ಕನ್ನಡದಲ್ಲಿ ಬರೆದರಂತೂ ಒಂದೇ ಆಗಿಬಿಡುತ್ತವೆ. ಒಂದು ಅಕ್ಷರದ ಮೇಲೆ ಒಬ್ಬ ಹೆಣ್ಣುಮಗಳ ಹಕ್ಕು ನಿಲ್ಲಬಾರದು. ಆದ್ದರಿಂದ 'ಇಂದೇ ಕೊಟ್ಟದ್ದು ಇಷ್ಟು', 'ಕೊಡಬೇಕಾದ ಬಾಕಿ ಇಷ್ಟು' ಎಂದು ಅಚ್ಚಗನ್ನಡದಲ್ಲಿ, ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುತ್ತೇನೆ. ಕೆಲವರು ಮಹ್ರೆ ಫಾತಿಮಿ ಎಂದಷ್ಟೇ ಹೇಳಿ ಮುಗಿಸುತ್ತಾರೆ. ಅದು 500 ದಿರ್ಹಮ್, ನಮ್ಮ ಉಲಮಾಗಳ ಲೆಕ್ಕದಲ್ಲಿ ಸುಮಾರು 131 ತೊಲೆ, ಅಂದರೆ ಒಂದೂವರೆ ಕಿಲೋಗ್ರಾಂ ಬೆಳ್ಳಿ. ಹಾಗೆ ಹೇಳಿದರೆ ಬೆಳ್ಳಿಯ ತೂಕವನ್ನೂ ಪಕ್ಕದಲ್ಲಿ ಬರೆಯುತ್ತೇನೆ. ಬಾಕಿ ಇರುವವನೇ ಹೇಳಿ ಬರೆಸಬೇಕು ಎಂಬ ಕುರ್‌ಆನಿನ ಆಜ್ಞೆಯಂತೆ, ಮೊತ್ತವನ್ನು ವರನ ಬಾಯಿಂದಲೇ ಹೇಳಿಸುತ್ತೇನೆ. ತಾನು ಯಾವ ಭಾರವನ್ನು ಹೊತ್ತನೆಂದು ಅವನ ಕಿವಿಗೂ ಕೇಳಬೇಕಲ್ಲವೇ? ಸಾಕ್ಷಿಗಳ ಗುರುತಿನ ಚೀಟಿಯ ನಕಲು, ಫೋನ್ ಸಂಖ್ಯೆ ಇಟ್ಟುಕೊಳ್ಳುತ್ತೇನೆ. ಮೂರು ಪ್ರತಿ ಮಾಡಿ ಒಂದನ್ನು ವಧುವಿಗೆ, ಒಂದನ್ನು ವರನಿಗೆ ಕೊಟ್ಟು ಒಂದನ್ನು ಮಸೀದಿಯಲ್ಲಿ ಇಡುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕೊರತೆ ಉಳಿದಿತ್ತು. ಅದನ್ನು ತೋರಿಸಿದವಳು ನನ್ನ ಮಗಳು. ಕಳೆದ ವರ್ಷ, ಅವಳ ಪದವಿ ಮುಗಿದ ಮೇಲೆ, ನಿಕಾಹ್ ಗೊತ್ತಾಯಿತು. ಕಾಗದಗಳನ್ನು ನಾನೇ ಜೋಡಿಸುತ್ತಿದ್ದೆ. ಊರಿಗೆಲ್ಲ ಬುದ್ಧಿ ಹೇಳುವವನ ಮನೆಯಲ್ಲೇ ಮಗಳ ಹೆಸರು ಎರಡು ವಿಧವಾಗಿ ಇತ್ತು. ಅದನ್ನು ತಿದ್ದಿಸಲು ಎರಡು ವಾರ ಹಿಡಿಯಿತು. ಒಂದು ರಾತ್ರಿ ಅವಳು ನಿಕಾಹ್‌ನಾಮೆಯ ಖಾಲಿ ನಮೂನೆಯನ್ನು ಓದುತ್ತಾ ಕುಳಿತಿದ್ದಳು.

"ಅಬ್ಬಾ, ಇದರಲ್ಲಿ ವಕೀಲರ ಸಹಿ ಇದೆ, ಸಾಕ್ಷಿಗಳ ಸಹಿ ಇದೆ, ವರನ ಸಹಿ ಇದೆ. ನಿಕಾಹ್ ನನ್ನದು. ನನ್ನ ಸಹಿ ಎಲ್ಲಿ?"

ನಾನು ದಫ್ತರವನ್ನು ನೆನಪಿಸಿಕೊಂಡೆ. ಹಝ್ರತ್ ಅವರ ಪುಟಗಳಲ್ಲೂ ನನ್ನ ಪುಟಗಳಲ್ಲೂ ವಧುವಿನ ಸಹಿಗೆ ಜಾಗವೇ ಇರಲಿಲ್ಲ. ಒಪ್ಪಿಗೆಯನ್ನು ಬಾಯಿಂದ ಕೇಳುತ್ತಿದ್ದೆವು, ಬರವಣಿಗೆಯಲ್ಲಿ ಅವಳ ಕೈ ಎಲ್ಲಿಯೂ ಕಾಣುತ್ತಿರಲಿಲ್ಲ. ಕನ್ಯೆಯ ಒಪ್ಪಿಗೆ ಕೇಳದೆ ವಿವಾಹ ಮಾಡಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ನಾನು ಎಷ್ಟೋ ಜುಮಾದಲ್ಲಿ ಹೇಳಿದ್ದೇನೆ. "ಇಲ್ಲ ಬೇಟಾ, ಜಾಗ ಇಲ್ಲ. ಮಾಡೋಣ" ಎಂದೆ. ಮರುದಿನವೇ ಕಮಿಟಿಗೆ ಹೇಳಿ ಹೊಸ ನಮೂನೆ ಅಚ್ಚು ಹಾಕಿಸಿದೆವು. ವಕೀಲರು ಮತ್ತು ಸಾಕ್ಷಿಗಳು ಒಳಗೆ ಹೋದಾಗ ದಫ್ತರವೂ ಒಳಗೆ ಹೋಗಬೇಕು, ವಧು ಮಹ್ರ್‌ನ ಸಾಲನ್ನು ಓದಿ ಅಥವಾ ಓದಿಸಿ ಕೇಳಿ ಸಹಿ ಹಾಕಬೇಕು ಎಂದು ತೀರ್ಮಾನವಾಯಿತು. ಆ ನಮೂನೆಯಲ್ಲಿ ಮೊದಲ ಸಹಿ ನನ್ನ ಮಗಳದು. ಮಹ್ರ್‌ನ ಮೊತ್ತವನ್ನು ಅವಳು ಗಟ್ಟಿಯಾಗಿ ಓದಿದ್ದು ಹೊರಗಿನ ಶಾಮಿಯಾನಕ್ಕೂ ಕೇಳಿಸಿತೆಂದು ಆಮೇಲೆ ಹೆಂಗಸರು ಹೇಳಿ ನಕ್ಕರು. ಸರ್ಕಾರದ ನೋಂದಣಿಗೆ ಕಚೇರಿಗೆ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದೆವು. ಮೂರನೆಯ ಸಲ ಕೆಲಸವಾಯಿತು. ಅಲ್ ಹಮ್ದುಲಿಲ್ಲಾಹ್. ಪ್ರತಿಯನ್ನು ಅವಳು ತನ್ನದೇ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದಳು.

ಕುರ್‌ಆನ್ ವಿವಾಹವನ್ನು ಗಟ್ಟಿಯಾದ ಒಡಂಬಡಿಕೆ ಎಂದು ಕರೆದಿದೆ. ಗಟ್ಟಿಯಾದದ್ದನ್ನು ನಾವು ಅವಸರದಲ್ಲಿ, ನಿಂತಲ್ಲೇ, ಅರ್ಧ ಬರೆದು ಬಿಡಬಾರದು. ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ನಿಕಾಹ್‌ನಾಮೆ ಇದ್ದರೆ ಇಂದು ಸಂಜೆ ಒಮ್ಮೆ ತೆಗೆದು ನೋಡಿರಿ. ಹೆಸರು ಸರಿಯಿದೆಯೇ, ಮಹ್ರ್ ಬರೆದಿದೆಯೇ, ಬಾಕಿ ಎಷ್ಟಿದೆ ಎಂದು ಓದಿರಿ. ಸಾಕ್ಷಿಗಳು ಬದುಕಿರುವಾಗಲೇ, ಬರೆದವನು ಬದುಕಿರುವಾಗಲೇ ತಿದ್ದಿಸಿಕೊಳ್ಳಿರಿ. ಮಹ್ರ್ ಬಾಕಿ ಇರುವ ಗಂಡಸರು ತಮ್ಮ ಕೈಯಿಂದಲೇ ಅದನ್ನು ತೀರಿಸಿರಿ. ಮಕ್ಕಳ ತಲೆಯ ಮೇಲೆ ಬಿಟ್ಟುಹೋಗಬೇಡಿರಿ.

ಆ ತಂಗಿಯ ಪುಟದಲ್ಲಿ ಮಹ್ರ್‌ನ ಜಾಗ ಇಂದಿಗೂ ಖಾಲಿಯೇ ಇದೆ. ಮೊತ್ತ ನಿರ್ಧಾರವಾದ ದಿನ ಅದನ್ನು ತುಂಬಿಬಿಡಿ ಎಂದು ಕೆಲವರು ಹೇಳಿದರು. 2009ರಲ್ಲಿ ಬರೆಯದೆ ಬಿಟ್ಟದ್ದನ್ನು ಆಗಲೇ ಬರೆದಂತೆ ತೋರಿಸುವುದು ಇನ್ನೊಂದು ಸುಳ್ಳಾಗುತ್ತಿತ್ತು. ಆದ್ದರಿಂದ ಪುಟದ ಕೆಳಗೆ, ನಡೆದದ್ದನ್ನು ನಡೆದಂತೆ, ಆ ದಿನದ ದಿನಾಂಕದೊಡನೆ ಬರೆದು ನಾನೂ ಇಬ್ಬರು ಹಿರಿಯರೂ ಸಹಿ ಹಾಕಿದೆವು. ಪ್ರತಿ ನಿಕಾಹ್‌ಗೆ ಮುಂಚೆ ದಫ್ತರ ತೆರೆದಾಗ ಆ ಪುಟವನ್ನು ಒಮ್ಮೆ ನೋಡಿಯೇ ಮುಂದಿನ ಪುಟಕ್ಕೆ ಹೋಗುತ್ತೇನೆ. ಅಲ್ಲಾಹನು ನನ್ನ ಆ ಅಲಕ್ಷ್ಯವನ್ನು ಕ್ಷಮಿಸಲಿ, ನಮ್ಮ ಹೆಣ್ಣುಮಕ್ಕಳ ಹಕ್ಕುಗಳನ್ನು ಕಾಪಾಡುವ ಬುದ್ಧಿಯನ್ನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.